ಕುರ್ಚಿಯ ಮೇಲೆ ಕೂತ ಅವ್ವ

ಕಳೆದ ವಾರ ಕಡೂರಿನಲ್ಲಿ ಬಸ್ಸು ಬದಲಿಸುವಾಗ, ನಿಲ್ದಾಣದ ಎದುರಿನ ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಹಸಿವು ಹೋಗಿ ತರೀಕೆರೆಯ ಒಂದು ಕೋಣೆ ಕಣ್ಣ ಮುಂದೆ ಬಂತು. ಹಳೆಯ ಫೋಟೋ ನೆಗೆಟಿವ್‌ಗಳು ಕೆಡತೊಡಗಿದರೆ ಹೀಗೇ ವಾಸನೆ ಬರುತ್ತದೆ. ಒಂದು ಇಡೀ ಚಳಿಗಾಲ ನಾನು ಆ ವಾಸನೆಯ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದೇನೆ. ಶರ್ಟಿಗೆ, ಊಟದ ಡಬ್ಬಿಗೆ, ಕೊನೆಗೆ ತಲೆದಿಂಬಿಗೂ ಅದು ಹತ್ತಿಕೊಂಡಿತ್ತು. ತಲೆದಿಂಬು ನಾರುತ್ತದೆ ಎಂದು ದೂರುವುದಕ್ಕೂ ಆಗ ನನ್ನ ಜೊತೆ ಯಾರೂ ಇರಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ನಾನೂ ನನ್ನ ಹೆಂಡತಿ ಸವಿತಾಳೂ ಬೇರೆಯಾಗಿದ್ದೆವು. ಜಗಳವಾಗಿ ಅಲ್ಲ. ಜಗಳಕ್ಕೆ ಬೇಕಾಗುವಷ್ಟು ಮಾತೂ ನಮ್ಮ ನಡುವೆ ಉಳಿದಿರಲಿಲ್ಲ. ಶಿವಮೊಗ್ಗದ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಂಗಡಿಸಿ ನಂಬರು ಹಾಕುವ ನನ್ನ ಗುತ್ತಿಗೆ ಕೆಲಸವೂ ಅದೇ ಸಮಯಕ್ಕೆ ಮುಗಿದಿತ್ತು. ಆಗ ಪರಿಚಯದವರೊಬ್ಬರು ಹೇಳಿದರು: ತರೀಕೆರೆಯಲ್ಲಿ ಮಂಜುಳಾ ಅಂತ ಒಬ್ಬರಿದ್ದಾರೆ, ಅವರ ಮಾವ ನಡೆಸುತ್ತಿದ್ದ ಹಳೆಯ ಸ್ಟುಡಿಯೋದ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ವೆಬ್‌ಸೈಟಿಗೆ ಹಾಕಿದ್ದಾರೆ, ಆದರೆ ಅದರಲ್ಲಿ ಏನು ಹುಡುಕಿದರೂ ಸಿಗುವುದಿಲ್ಲವಂತೆ, ನೀನು ಹೋಗಿ ನೋಡು. ಹೋದೆ. ಬೇರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದಿದ್ದರೆ ಬಹುಶಃ ಹೋಗುತ್ತಿರಲಿಲ್ಲ.

ಸ್ಟುಡಿಯೋ ಪೇಟೆ ಬೀದಿಯಲ್ಲಿತ್ತು. ಮುಂದಿನ ಅರ್ಧದಲ್ಲಿ ಮಂಜುಳಾ ಝೆರಾಕ್ಸ್ ಅಂಗಡಿ ಇಟ್ಟಿದ್ದರು, ಹಿಂದಿನ ಅರ್ಧದಲ್ಲಿ ಟ್ರಂಕುಗಳು. ಕಡೂರಿನಿಂದ ಅಜ್ಜಂಪುರದವರೆಗಿನ ಹಳ್ಳಿಗಳ ಮದುವೆ, ನಾಮಕರಣ, ಸ್ಕೂಲು ಗುಂಪು, ಪಾಸ್‌ಪೋರ್ಟ್ ಸೈಜು, ಎಲ್ಲ ಅವುಗಳೊಳಗಿದ್ದವು. ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತು, ಮಾವ ತೀರಿಕೊಂಡರು. ನೆಗೆಟಿವ್‌ಗಳು ಹಾಳಾಗುತ್ತಿರುವುದನ್ನು ನೋಡಿ ಮಂಜುಳಾಗೆ ಹೊಟ್ಟೆ ಉರಿಯಿತಂತೆ.

"ಜನ ಬಂದು ಕೇಳ್ತಾರೆ ಕಣ್ರೀ, ನಮ್ಮಪ್ಪನ ಫೋಟೋ ಐತಾ, ನಮ್ಮಜ್ಜಿದು ಐತಾ ಅಂತ. ಈ ಟ್ರಂಕು ಕೆದಕಿ ಯಾರಿಗೆ ಅಂತ ಕೊಡ್ಲಿ? ಅದಕ್ಕೇ ಸೈಟ್ ಮಾಡ್ಸಿದ್ದು. ಈಗ ಫೋನ್ ಮಾಡಿ ಬೈತಾರೆ, ನಿಮ್ ಸೈಟಲ್ಲಿ ಏನೂ ಸಿಗಲ್ಲ ಅಂತ" ಎಂದರು.

ಕಂಪ್ಯೂಟರ್ ಮುಂದೆ ಕೂತು 'ಹುಡುಕಿ' ಎಂಬ ಪೆಟ್ಟಿಗೆಯಲ್ಲಿ ನಾನೂ ನಾಲ್ಕಾರು ಹೆಸರು ಬರೆದು ನೋಡಿದೆ. ಪ್ರತಿ ಸಲವೂ 'ಏನೂ ಸಿಗಲಿಲ್ಲ' ಎಂದೇ ಬಂತು. ಕಾರಣ ಒಂದೇ ದಿನದಲ್ಲಿ ತಿಳಿಯಿತು. ಸ್ಟುಡಿಯೋದ ರಿಜಿಸ್ಟರಿನಲ್ಲಿ ಫೋಟೋದೊಳಗೆ ಇದ್ದವರ ಹೆಸರೇ ಇರಲಿಲ್ಲ. ಫೋಟೋ ತೆಗೆಸಿದವರ, ಆಮೇಲೆ ಬಂದು ತೆಗೆದುಕೊಂಡು ಹೋಗುವವರ ಹೆಸರಷ್ಟೇ ಇತ್ತು. 'ಸಿಂಗಟಗೆರೆ ಮಲ್ಲಪ್ಪ, ಕಾರ್ಡ್ ಸೈಜು, ಮೂರು' ಎಂದರೆ ಆ ಫೋಟೋದಲ್ಲಿ ಮಲ್ಲಪ್ಪನ ಅಕ್ಕ ಇರಬಹುದು, ಅತ್ತೆ ಇರಬಹುದು, ಎತ್ತೂ ಇರಬಹುದು. ಹೆಂಗಸರ ಹೆಸರಂತೂ ಹುಡುಕಿದರೂ ಸಿಗದು. ಸೈಟು ಮಾಡಿದವರು ಆ ರಿಜಿಸ್ಟರನ್ನೇ ಇದ್ದ ಹಾಗೇ ಏರಿಸಿಬಿಟ್ಟಿದ್ದರು.

ಆದ್ದರಿಂದ ನನ್ನ ಕೆಲಸ, ಒಂದೊಂದೇ ಫೋಟೋ ನೋಡಿ, ಅದರಲ್ಲಿ ಏನಿದೆ ಎಂದು ಜನರ ಮಾತಿನಲ್ಲಿ ಬರೆಯುವುದಾಯಿತು. ಗ್ರಂಥಾಲಯದ ಗರ್ವ ಇನ್ನೂ ಇಳಿದಿರಲಿಲ್ಲ. ಮೊದಲ ವಾರ 'ಪುರುಷ, ಮಧ್ಯವಯಸ್ಕ, ದ್ವಿಚಕ್ರ ವಾಹನದೊಂದಿಗೆ' ಎಂದೆಲ್ಲ ಬರೆದೆ. ಜನ ಏನು ಹುಡುಕುತ್ತಾರೆ ಎಂಬ ಪಟ್ಟಿಯನ್ನು ಸೈಟೇ ಇಟ್ಟುಕೊಳ್ಳುತ್ತಿತ್ತು, ಅದನ್ನು ತೆರೆದು ನೋಡಿದಾಗ ನಾಚಿಕೆಯಾಯಿತು. ಅವರು ಬರೆದದ್ದು 'ತಾತ ಸೈಕಲ್ಲು', 'ಲಿಂಗದಹಳ್ಳಿ ಸ್ಕೂಲು ಏಳನೇ ಕ್ಲಾಸು', 'ಅಪ್ಪ ಟೋಪಿ ಹಾಕಿರೋದು', 'ಅಕ್ಕ ನಾನು ಇಬ್ರೂ' ಅಂತ. ಒಬ್ಬರು ಬರೀ 'ಅಪ್ಪ' ಎಂದು ಬರೆದಿದ್ದರು. ಅಷ್ಟೇ. ಆ ಪಟ್ಟಿ ಓದುವುದು ನನಗೆ ಬೆಳಗಿನ ಚಟವಾಯಿತು. ಹೊರಗೆ ಮಂಜು ಕವಿದಿರುತ್ತಿತ್ತು, ಅವರೆಕಾಯಿ ಮಾರುವವರು ಗೋಣಿಚೀಲ ಹರಡಿ ಕೂಗುತ್ತಿದ್ದರು, ನಾನು ಒಳಗೆ ಕೂತು, ಯಾರ್ಯಾರೋ ಅವರವರ ಮನೆಯವರನ್ನು ಹುಡುಕಿ ಬರಿಗೈಯಲ್ಲಿ ವಾಪಸು ಹೋದದ್ದನ್ನು ಓದುತ್ತಿದ್ದೆ.

ಇದರಲ್ಲಿ ನನಗೆ ಜೊತೆಯಾದವರು ಗಫಾರ್ ಸಾಬ್ರು. ಸ್ಟುಡಿಯೋದಲ್ಲಿ ಅವರದು ಟಚಿಂಗ್ ಕೆಲಸವಾಗಿತ್ತು. ಎಂದರೆ ಸಣ್ಣ ಕುಂಚ ಹಿಡಿದು ಮುಖದ ಕಲೆ ಅಳಿಸುವುದು, ಹುಬ್ಬು ತಿದ್ದುವುದು, ಬೇಕಾದವರಿಗೆ ಬಣ್ಣ ಹಚ್ಚುವುದು. ಎಪ್ಪತ್ತು ದಾಟಿತ್ತು, ಕೈ ನಡುಗುತ್ತಿತ್ತು, ಕಣ್ಣು ಮಾತ್ರ ಹದ್ದಿನದು. ಬೆಳಿಗ್ಗೆ ಹತ್ತಕ್ಕೆ ಮಫ್ಲರ್ ಸುತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರೆ ಮಧ್ಯಾಹ್ನದ ನಮಾಜಿನವರೆಗೆ ಏಳುತ್ತಿರಲಿಲ್ಲ.

ಯಾರೋ 'ಹೆಬ್ಬೆ ಫಾಲ್ಸ್ ಅಜ್ಜ ಅಜ್ಜಿ' ಎಂದು ಹುಡುಕಿದ್ದರು. ಹೆಬ್ಬೆಗೆ ಹೋಗಿ ತೆಗೆದ ಫೋಟೋ ಇವೆಯಾ ಎಂದು ಕೇಳಿದರೆ ಸಾಬ್ರು ನಕ್ಕೂ ನಕ್ಕೂ ಕೆಮ್ಮಿದರು.

"ಎಲ್ಲಿ ಹೆಬ್ಬೆ ಸಾರ್! ಆ ಕಾಲ್ದಾಗೆ ಯಾರು ಹೋಗ್ತಿದ್ರು ಅಷ್ಟು ದೂರ? ಇದೇ ಗೋಡೆಗೆ ಒಂದು ಪರದೆ ಇತ್ತು. ನಾನೇ ಫಾಲ್ಸ್ ಬರ್ದಿದ್ದೆ. ಮದ್ವೆ ಆದೋರೆಲ್ಲ ಅದ್ರ ಮುಂದೆ ನಿಂತ್ಕಳೋರು. ಈಗ ಮೊಮ್ಮಕ್ಳು, ನಮ್ಮಜ್ಜ ಹನಿಮೂನ್‌ಗೆ ಹೆಬ್ಬೆಗೆ ಹೋಗಿದ್ದ ಅಂತ ಹೇಳ್ಕೊಂಡು ತಿರುಗ್ತಾವೆ. ತಿರುಗ್ಲಿ ಬಿಡಿ."

ಪರದೆ ಇದ್ದ ಫೋಟೋಗಳಿಗೆಲ್ಲ 'ಹೆಬ್ಬೆ' ಎಂದೂ ಸೇರಿಸಿದೆ. ಸುಳ್ಳೇ ಆದರೂ ಹುಡುಕುವವರು ನೆನಪಿಟ್ಟುಕೊಂಡದ್ದು ಅದನ್ನೇ. ಮರುವಾರ ಲಿಂಗದಹಳ್ಳಿಯ ಒಬ್ಬರಿಗೆ ಅಜ್ಜ ಅಜ್ಜಿ ಸಿಕ್ಕರು. ಅವರು ಫೋನಿನಲ್ಲಿ ಮಂಜುಳಾ ಹತ್ತಿರ ಅತ್ತರಂತೆ. ಆವತ್ತು ಸಂಜೆ ರೂಮಿಗೆ ಹೋಗಿ ಈ ಸಂಗತಿಯನ್ನು ಯಾರಿಗಾದರೂ ಹೇಳಬೇಕೆನ್ನಿಸಿ ಫೋನು ಕೈಗೆತ್ತಿಕೊಂಡೆ. ಸವಿತಾಳ ಹೆಸರಿನವರೆಗೂ ಬಂದು ಕೆಳಗಿಟ್ಟೆ.

ಈ ಮಧ್ಯೆ ಒಂದು ತಪ್ಪು ಮಾಡಿದೆ. ಮೂಲೆಯಲ್ಲಿ ಕಪ್ಪು ಬಣ್ಣದ ಟ್ರಂಕೊಂದು ಬೇರೆಯಾಗಿಯೇ ಇತ್ತು, ಅದಕ್ಕೆ ರಿಜಿಸ್ಟರೂ ಬೇರೆ. ತೆರೆದರೆ ಎಲ್ಲ ಸತ್ತವರ ಫೋಟೋಗಳು. ನಮ್ಮ ಕಡೆ ಅನೇಕ ಮನೆಗಳಲ್ಲಿ ಹೋದವರನ್ನು ಮಣ್ಣಿಗೆ ಒಯ್ಯುವ ಮುಂಚೆ ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮನೆಯ ಮುಂದೆ ಫೋಟೋ ತೆಗೆಸುತ್ತಿದ್ದರು. ಬದುಕಿದ್ದಾಗ ಒಂದೂ ತೆಗೆಸಿಕೊಳ್ಳದವರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಅವೂ ಸ್ಕ್ಯಾನ್ ಆಗಿ ಸೈಟಿನಲ್ಲಿ ಇದ್ದವು. ಅಪ್ಪನ ಸೈಕಲ್ಲು ಹುಡುಕುವವರ ಮುಂದೆ ಇಂಥ ಮುಖ ಬಂದು ನಿಂತರೆ ಹೇಗೆ ಎಂದು ನಾನು ಹೆದರಿದೆ. ಯಾರನ್ನೂ ಸರಿಯಾಗಿ ಕೇಳದೆ ಇಡೀ ಟ್ರಂಕನ್ನು ಹುಡುಕಾಟದಿಂದ ಹೊರಗಿಟ್ಟೆ. ಮಂಜುಳಾಗೆ ಹೇಳಿದಾಗ, "ನೀವು ಓದಿದೋರು, ನಿಮಗೆ ಸರಿ ಅನ್ಸಿದ್ದು ಮಾಡಿ" ಎಂದರು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಟ್ರಂಕು ಮುಚ್ಚಿದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಪಟ್ಟಿಯಲ್ಲಿ ಒಂದು ಹುಡುಕಾಟ ಪದೇ ಪದೇ ಕಾಣಿಸತೊಡಗಿತು. ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಬರುತ್ತಿತ್ತು. 'ಅವ್ವ ಕುರ್ಚಿ ಮೇಲೆ ಕೂತಿರೋದು.' ಮರುದಿನ 'ಅವ್ವ ಕುರ್ಚಿ ಹಾರ.' ಅದರ ಮರುದಿನ 'ಕುರ್ಚಿ ಚೌಕಳಿ ಸೀರೆ ಹಾರ ಹಾಕಿರೋ ಹೆಂಗಸು.' ಕುರ್ಚಿಯಲ್ಲಿ ಕೂತ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದರು. ಸೀರೆಗಳನ್ನು ಇನ್ನೊಮ್ಮೆ ನೋಡಿ ಚೌಕಳಿ, ಗೀರು, ಹೂವು ಎಂದು ಬರೆದೆ. ಹಾರವಿದ್ದರೆ ಹಾರ ಎಂದು ಬರೆದೆ. ಹುಡುಕುವವರು ಬಂದು, ಒಂದೊಂದೇ ಪುಟ ತಿರುವಿ, ಕೊನೆಯ ಪುಟದವರೆಗೂ ಹೋಗಿ, ಏನನ್ನೂ ತೆರೆಯದೆ ಹೊರಟುಹೋಗುತ್ತಿದ್ದರು. ಮಾರನೆಯ ದಿನ ಮತ್ತೆ ಬರುತ್ತಿದ್ದರು. ಗುರುತಿಲ್ಲದ ಆ ವ್ಯಕ್ತಿಗಾಗಿ ನಾನು ಎರಡು ಗಂಟೆಗೆ ಕಾಯತೊಡಗಿದೆ. ಊಟವನ್ನೂ ಒಂದೂವರೆಗೇ ಮುಗಿಸಿ ಕೂರುತ್ತಿದ್ದೆ. ಕೊನೆಗೆ ಫಲಿತಾಂಶಗಳ ಕೆಳಗೆ, 'ನೀವು ಹುಡುಕಿದ್ದು ಸಿಗಲಿಲ್ಲವೇ? ಈ ನಂಬರಿಗೆ ಫೋನ್ ಮಾಡಿ' ಎಂದು ಬರೆದು ನನ್ನ ನಂಬರನ್ನೇ ಹಾಕಿದೆ.

ಎರಡೇ ದಿನಕ್ಕೆ ಫೋನ್ ಬಂತು. ಮಾತಾಡಿದಾಕೆ ಪಿಸುಗುಡುತ್ತಿದ್ದಳು.

"ಹಲೋ, ಫೋಟೋ ಸ್ಟುಡಿಯೋದೋರಾ ಸಾ? ಮೆತ್ತಗೆ ಮಾತಾಡ್ತೀನಿ ಏನೂ ಅನ್ಕಬ್ಯಾಡಿ, ಮಕ್ಳು ಮಲಗವೆ."

ಅಜ್ಜಂಪುರದ ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ಸಹಾಯಕಿ, ಹೆಸರು ಗಿರಿಜಮ್ಮ. ಮಕ್ಕಳು ಉಂಡು ಮಲಗುವ ಹೊತ್ತಿನಲ್ಲಿ ಫೋನಿಗೆ ಮಾತು ಹೇಳಿ ಹುಡುಕುತ್ತಿದ್ದಳಂತೆ, ಬರೆಯುವುದು ನಿಧಾನವಂತೆ.

"ನಮ್ಮವ್ವಂದು ಒಂದು ಫೋಟೋ ಐತೆ ನಿಮ್ತಾವ. ಹಿಂದುಗಡೆ ನಿಮ್ ಸ್ಟುಡಿಯೋ ಸೀಲು ಇತ್ತು. ನಾನು ಎಂಟು ತಿಂಗ್ಳ ಕೂಸು ಸಾ, ಅವ್ವ ಹೋದಾಗ. ಅಜ್ಜಿ ಮನೇಲಿ ಗೋಡೆ ಮ್ಯಾಲೆ ಇತ್ತು ಆ ಫೋಟೋ. ಸುಣ್ಣ ಹೊಡಿಯಾಕೆ ಅಂತ ಕೆಳಗಿಳಿಸಿದ್ರೆ ಒಳಗೆಲ್ಲ ಗೆದ್ಲು ತಿಂದುಬಿಟ್ಟಿತ್ತು. ಆಗ ನಂಗೆ ಹತ್ತು ವರ್ಷ."

"ಫೋಟೋದಲ್ಲಿ ಇನ್ನೇನಿತ್ತು, ಜ್ಞಾಪಕ ಇದೆಯಾ ಅಮ್ಮ?"

"ಕುರ್ಚಿ ಮ್ಯಾಲೆ ಕೂತಿದ್ಲು. ಚೆಂಡುಹೂವಿನ ಹಾರ. ಕಣ್ಣು ಇಷ್ಟಿಷ್ಟು ದೊಡ್ಡವು. ನನ್ನೇ ನೋಡ್ತಿದ್ಲು ಸಾ. ಮನೇಲಿ ನಾನು ಎತ್ಲಾಗೆ ಹೋದ್ರೂ ಅತ್ಲಾಗೇ ನೋಡ್ತಿದ್ಲು. ಯಾರಾದ್ರೂ ಹೊಡುದ್ರೆ ಹೋಗಿ ಅದ್ರ ಕೆಳಗೆ ಕುಂತ್ಕಂತಿದ್ದೆ."

ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ಆಕೆ ಎರಡು ಮೂರು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು, ಸಿಕ್ತಾ ಸಾ ಎಂದು. ಇಲ್ಲ ಎಂದರೆ ಬೇಜಾರು ತೋರಿಸದೆ, ಊಟ ಆಯ್ತಾ ಸಾ, ಅಲ್ಲಿ ಚಳಿ ಹೆಂಗೈತೆ ಸಾ ಎಂದು ಕೇಳುತ್ತಿದ್ದಳು. ಆ ತಿಂಗಳುಗಳಲ್ಲಿ ನನ್ನ ಊಟದ ಬಗ್ಗೆ ವಿಚಾರಿಸಿದ್ದು ಆಕೆ ಒಬ್ಬಳೇ. ಫೋಟೋ ಸಿಗದಿರುವುದರಿಂದ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಆದರೆ ಸಿಕ್ಕಿಬಿಟ್ಟರೆ ಈ ಫೋನು ನಿಲ್ಲುತ್ತದಲ್ಲ ಎಂಬ ಯೋಚನೆಯೂ ಒಂದೆರಡು ಸಲ ಬಂದುಹೋಯಿತು. ಬಂದದ್ದನ್ನು ಬಂತು ಎಂದೇ ಹೇಳಬೇಕು.

ಒಂದು ಬೆಳಿಗ್ಗೆ ಗಫಾರ್ ಸಾಬ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟರು.

"ಒಂದು ಮಾತು ಕೇಳಿ ಸಾರ್ ಆಕೀಗೆ. ಎದೆ ಸುತ್ತ ಒಂದು ಬಿಳಿ ಬಟ್ಟೆ ಇತ್ತಾ ಅಂತ."

ಅಲ್ಲಿಂದಲೇ ಫೋನ್ ಮಾಡಿದೆ. "ಹೂಂ ಸಾ, ಇತ್ತು! ಬಿಳೀದು. ಚಳಿಗೆ ಶಾಲು ಹೊದ್ಕಂಡಿರಬೇಕು ಅಂತ ನಾನು" ಎಂದಳು ಗಿರಿಜಮ್ಮ. ದನಿಯಲ್ಲಿ ಆಸೆ ತುಂಬಿತ್ತು. ಸಾಬ್ರಿಗೆ ಅದು ಕೇಳಿಸಿತು. ನಾನು ಫೋನ್ ಇಟ್ಟ ಮೇಲೆ ತಲೆ ಆಡಿಸಿದರು.

"ಶಾಲಲ್ಲ. ಮುಂದಕ್ಕೆ ಬಾಗ್ದಂಗೆ ಕುರ್ಚಿಗೆ ಕಟ್ಟಿರೋ ಪಂಚೆ ಅದು. ಆ ಕರೀ ಟ್ರಂಕು ತೆಗೀರಿ."

"ಆದರೆ ಕಣ್ಣು ಬಿಟ್ಟಿದ್ದಳು ಅಂತಾರಲ್ಲ ಸಾಬ್ರೆ?"

"ಕಣ್ಣು ಮುಚ್ಚಿರೋ ಫೋಟೋನ ಗೋಡೆಗೆ ಯಾರು ಹಾಕ್ತಾರೆ ಸಾರ್? ಪ್ರಿಂಟ್ ಹಾಕಿದ್ಮೇಲೆ ಕಣ್ಣು ನಾನು ಬರೀತಿದ್ದೆ. ನೆಗೆಟಿವ್‌ನಾಗೆ ಮುಚ್ಚೇ ಇರ್ತಾವೆ."

ಅಷ್ಟು ದಿನ ಆಕೆಯನ್ನು ಬರಿಗೈಯಲ್ಲಿ ವಾಪಸು ಕಳಿಸುತ್ತಿದ್ದದ್ದು ಸೈಟಲ್ಲ, ನಾನು. ಹುಡುಕುವವರ ಮೇಲಿನ ಕನಿಕರದಿಂದಲೇ ಬಾಗಿಲು ಹಾಕಿದ್ದೆ. ಅದರ ಹೊರಗೆ ಈ ಹೆಂಗಸು ದಿನವೂ ಬಂದು ನಿಂತು ಹೋಗುತ್ತಿದ್ದಳು.

ಫೋನಿನಲ್ಲಿ ಅವಳು ಹೇಳಿದ್ದ ಅಜ್ಜಿಯ ಊರಿನ ಹೆಸರು ಹಿಡಿದು ಕಪ್ಪು ಟ್ರಂಕಿನ ರಿಜಿಸ್ಟರಿನಲ್ಲಿ ಹುಡುಕಿದರೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಗಂಡನ ಹೆಸರಿನಲ್ಲಿ 'ಬಸಪ್ಪನ ಮನೆಯಾಕೆ' ಎಂದಷ್ಟೇ ಇತ್ತು. ಚೌಕಳಿ ಸೀರೆ, ಚೆಂಡುಹೂವಿನ ಹಾರ, ಎದೆಯ ಸುತ್ತ ಬಿಳಿ ಬಟ್ಟೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗಿ. ಕಣ್ಣು ಮುಚ್ಚಿದ್ದವು.

ಇದನ್ನು ಫೋನಿನಲ್ಲಿ ಹೇಳುವುದು ಹೇಗೆ? ಸಿಕ್ಕಿದೆ, ಬಂದುಹೋಗಿ ಎಂದಷ್ಟೇ ಹೇಳಿದೆ. ಆಕೆ, "ನಾಳೀಕೆ ರಜ ಹಾಕಿ ಬತ್ತೀನಿ" ಎಂದಳು.

ಆಕೆ ಬರುವುದರೊಳಗೆ ನಮ್ಮಲ್ಲೇ ವಾದ ನಡೆಯಿತು. ಮಂಜುಳಾ, "ಪಾಪ ಕಣ್ರೀ, ಅವರಿಗೆ ಯಾಕೆ ಹೇಳ್ಬೇಕು? ಸಾಬ್ರೇ, ನೀವು ಕಣ್ಣು ಬರ್ದು ಕೊಟ್ಬಿಡಿ. ಖುಷಿಯಾಗಿ ಹೋಗ್ಲಿ" ಎಂದರು. ಸಾಬ್ರು ತಮ್ಮ ನಡುಗುವ ಕೈ ನೋಡಿಕೊಂಡರು. ನನಗೂ ಮಂಜುಳಾ ಹೇಳಿದ್ದೇ ಸರಿ ಅನ್ನಿಸಿತು. ಆದರೆ ಹುಡುಕುವವರಿಗೆ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸಿ ಒಂದು ಸಲ ಕೆಟ್ಟಿದ್ದೆ. ಇದ್ದದ್ದನ್ನು ಇದ್ದಂತೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ.

ಗಿರಿಜಮ್ಮ ಬೆಳಗಿನ ಬಸ್ಸಿಗೇ ಬಂದಳು. ನಲವತ್ತೈದರ ಆಸುಪಾಸು, ತೆಳ್ಳಗಿನ ಹೆಂಗಸು, ತಲೆಗೆ ಹೂ ಮುಡಿದಿದ್ದಳು, ಕೈಯಲ್ಲಿ ಒಂದು ಚೀಲ ಅವರೆಕಾಯಿ. ತವರಿಗೆ ಬಂದವಳ ಹಾಗೆ ಮಂಜುಳಾ ಕೈಗೆ ಚೀಲ ಕೊಟ್ಟು, ಬೆಂಚಿನ ಮೇಲೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡಳು. ನಾನು ಫೋಟೋ ಕೊಟ್ಟೆ.

ಆಕೆ ಬಹಳ ಹೊತ್ತು ನೋಡಿದಳು. ಹೊರಗೆ ಝೆರಾಕ್ಸ್‌ಗೆ ಬಂದ ಯಾರನ್ನೋ ಮಂಜುಳಾ ಆಮೇಲೆ ಬನ್ನಿ ಎಂದು ಕಳಿಸಿದರು.

"ಇವಳೇ" ಎಂದಳು ಗಿರಿಜಮ್ಮ. "ಆದ್ರೆ ಮಲಗವ್ಳಲ್ಲ?"

ಗಫಾರ್ ಸಾಬ್ರು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಮಲಗಿಲ್ಲ ಕಣಮ್ಮ. ಹೋಗ್ಬಿಟ್ಟಿದ್ರು ಅವತ್ತು. ನಾನೂ ಬಂದಿದ್ದೆ ನಿಮ್ಮಜ್ಜಿ ಮನೆಗೆ, ಕ್ಯಾಮೆರಾ ಹೊತ್ಕೊಂಡು."

"ಮತ್ತೆ ನನ್ನ ನೋಡ್ತಿದ್ಲಲ್ಲ?"

"ಕಣ್ಣು ನಾನು ಬರ್ದಿದ್ದು ತಾಯಿ."

ಆಕೆ ಅವರ ಮುಖವನ್ನೇ ನೋಡಿದಳು. ಕೋಪ ಬಂದಿತೇನೋ ಎಂದು ನಾನು ಹೆದರಿದೆ. ಅವಳು ಕೇಳಿದ್ದೇ ಬೇರೆ.

"ನೀವು ಅವಳು ಕಣ್ಣು ಬಿಟ್ಟಿದ್ನ ನೋಡೇ ಇಲ್ವಲ್ಲ ಸಾಬ್ರೆ. ಯಾರ ಕಣ್ಣು ಬರದ್ರಿ?"

ಸಾಬ್ರು ಮಫ್ಲರ್ ಬಿಚ್ಚಿ ಮಡಿಲಿಗಿಟ್ಟುಕೊಂಡರು.

"ಎಲ್ರೂ ಅಳ್ತಿದ್ರು ಕಣಮ್ಮ. ಯಾರ್ನ ಅಂತ ಕೇಳ್ಲಿ, ನಿಮ್ಮ ಮಗಳ ಕಣ್ಣು ಹೆಂಗಿದ್ವು ಅಂತ? ನಿಮ್ಮಜ್ಜಿ ಸೊಂಟದ ಮ್ಯಾಲೆ ಒಂದು ಕೂಸಿತ್ತು. ಅಷ್ಟು ಜನದಾಗೆ ಅದೊಂದೇ ಅಳ್ತಾ ಇರ್ಲಿಲ್ಲ. ಕ್ಯಾಮೆರಾನೇ ನೋಡ್ತಿತ್ತು. ಅದ್ರ ಕಣ್ಣು ಜ್ಞಾಪಕ ಇಟ್ಕೊಂಡು ಬಂದು ಬರ್ದೆ."

ಗಿರಿಜಮ್ಮ ಫೋಟೋವನ್ನು ಎದೆಗೆ ಒತ್ತಿಕೊಂಡಳು. ಅತ್ತಳು, ಆದರೆ ಸದ್ದಿಲ್ಲದೆ, ಮಕ್ಕಳು ಮಲಗಿರುವಾಗ ಮಾತಾಡುತ್ತಿದ್ದಳಲ್ಲ ಹಾಗೆ. ಮಂಜುಳಾ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ನಾನು ಎದ್ದು ಟ್ರಂಕುಗಳ ಕಡೆ ಮುಖ ಮಾಡಿ ನಿಂತೆ.

ಸ್ವಲ್ಪ ಹೊತ್ತಾದ ಮೇಲೆ ಸಾಬ್ರೇ ಹೇಳಿದರು, "ಬೇಕಂದ್ರೆ ಈಗ್ಲೂ ಬರೀತೀನಿ. ಕೈ ನಡುಗ್ತೈತೆ, ಎರಡು ದಿನ ಹಿಡೀಬೋದು. ಇತ್ಲಾಗೆ ತಿರುಗು ನೋಡೋಣ, ಬೆಳಕಿಗೆ."

ಗಿರಿಜಮ್ಮ ಕಣ್ಣೊರೆಸಿಕೊಂಡಳು. "ಬ್ಯಾಡ ಬುಡಿ ಸಾಬ್ರೆ. ಅವಳು ಇಷ್ಟು ವರ್ಷ ನನ್ನ ನೋಡ್ಕಂಡಿದ್ದು ಸಾಕು. ಮಲಗಿರ್ಲಿ. ಇನ್ಮ್ಯಾಲೆ ನಾನು ಅವಳ್ನ ನೋಡ್ತೀನಿ."

ರಿಜಿಸ್ಟರಿನಲ್ಲಿ ನಿಮ್ಮ ಅವ್ವನ ಹೆಸರಿಲ್ಲ, ಹೇಳಿದರೆ ಸೇರಿಸುತ್ತೇನೆ ಎಂದೆ. "ಪುಟ್ಟಗೌರಿ" ಎಂದಳು. ಅವಳ ಮುಂದೆಯೇ ಹೆಸರು ಬರೆದೆ, ಊರು ಬರೆದೆ, ಕುರ್ಚಿ, ಚೌಕಳಿ ಸೀರೆ, ಚೆಂಡುಹೂವಿನ ಹಾರ ಎಂದು ಬರೆದೆ. ಆಮೇಲೆ ಕಪ್ಪು ಟ್ರಂಕಿನ ಫೋಟೋಗಳನ್ನೆಲ್ಲ ಹುಡುಕಾಟದೊಳಕ್ಕೆ ಬಿಟ್ಟೆ. ತೀರಿಕೊಂಡ ಮೇಲೆ ತೆಗೆದವು, ನೋಡಬೇಕೆನ್ನುವವರು ತೆರೆಯಿರಿ ಎಂಬ ಒಂದು ಮಾತನ್ನು ಮಾತ್ರ ಅವುಗಳ ಮುಂದೆ ಇಟ್ಟೆ. ಮೊದಲೇ ಮಾಡಬೇಕಾಗಿದ್ದದ್ದು ಇಷ್ಟೇ.

ಮಧ್ಯಾಹ್ನ ಅವಳನ್ನು ಬಸ್ಸು ಹತ್ತಿಸಲು ನಾನೇ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು, ಚಳಿ ಮುಗಿಯುತ್ತಾ ಬಂದಿತ್ತು. ಅಜ್ಜಂಪುರದ ಬಸ್ಸು ತುಂಬಿ ನಿಂತಿತ್ತು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಫೋಟೋದ ಕವರನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡು ಗಿರಿಜಮ್ಮ ತಲೆ ಹೊರಗೆ ಹಾಕಿದಳು. ಮುಖ ಹಗುರಾಗಿತ್ತು, ವಯಸ್ಸು ಕಡಿಮೆಯಾದ ಹಾಗೆ ಕಾಣುತ್ತಿತ್ತು.

"ಸಾ, ಹೊತ್ತಲ್ಲದ ಹೊತ್ನಾಗೆ ಫೋನ್ ಮಾಡಿ ನಿಮ್ ಪ್ರಾಣ ತಿಂದ್ಬಿಟ್ಟೆ. ಅವ್ವ ಸಿಕ್ಕಿದ್ಲಲ್ಲ, ಇನ್ನು ನಿಮ್ಗೆ ತೊಂದ್ರೆ ಕೊಡಾಕಿಲ್ಲ."

"ತೊಂದರೆ ಏನಿಲ್ಲಮ್ಮ" ಎಂದೆ. ಕಂಡಕ್ಟರ್ ಬಾಗಿಲು ಬಡಿದ. ಆಗಾಗ ಫೋನ್ ಮಾಡಿ ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹೇಳಲಿಲ್ಲ. ಅವಳು ಕೈ ಬೀಸಿದಳು, ನಾನೂ ಬೀಸಿದೆ, ಬಸ್ಸು ಹೊರಟುಹೋಯಿತು.